ತಿಂಗಳ ಡಬ್ಬಿಯಲ್ಲಿ ಒಂದು ದಿನದ ತರಕಾರಿಯೂ ಇಲ್ಲ: ಆಹಾರ ಸುರಕ್ಷತಾ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ:
ಆಹಾರ ಸುರಕ್ಷತಾ ಆಯುಕ್ತರು, ಕರ್ನಾಟಕ ಸರ್ಕಾರ, ಬೆಂಗಳೂರು
ಪ್ರತಿ: ಅಧ್ಯಕ್ಷರು, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ನವದೆಹಲಿ

ವಿಷಯ: ಹಣ್ಣು-ತರಕಾರಿಗಳ ಕ್ಯಾಪ್ಸೂಲ್ ಮತ್ತು ಪುಡಿಗಳ ಮೇಲೆ ಕನ್ನಡದ ಎಚ್ಚರಿಕೆಯನ್ನೂ ತಾಜಾ ತೂಕದ ವಿವರವನ್ನೂ ಕಡ್ಡಾಯಗೊಳಿಸುವ ಬಗ್ಗೆ, ಮತ್ತು ಮನೆಮನೆ ಮಾರಾಟದ ಮಾತಿನ ಮೇಲೆ ನಿಗಾ ಇಡುವ ಬಗ್ಗೆ.

ಮಾನ್ಯರೇ,

ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ, ಹೋಬಳಿ ಮಟ್ಟದ ಊರುಗಳಲ್ಲಿ ಈಗ ಹಣ್ಣು-ತರಕಾರಿಗಳು ಎರಡು ಬಗೆಯಲ್ಲಿ ಮಾರಾಟವಾಗುತ್ತಿವೆ. ಸಂತೆಯಲ್ಲಿ, ತಳ್ಳುಗಾಡಿಯಲ್ಲಿ, ಹಾಪ್‌ಕಾಮ್ಸ್ ಮಳಿಗೆಯಲ್ಲಿ ತೂಗಿ ಕೊಡುವುದು ಒಂದು ಬಗೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕ್ಯಾಪ್ಸೂಲ್ ತುಂಬಿ, ಇಲ್ಲವೇ ಪೊಟ್ಟಣದಲ್ಲಿ ಹಸಿರು, ಕೆಂಪು ಪುಡಿ ಕಟ್ಟಿ, ಪರಿಚಯದವರ ಮೂಲಕ ಜಗಲಿಯವರೆಗೆ ತಲುಪಿಸುವುದು ಇನ್ನೊಂದು. ಈ ಎರಡನೆಯದರ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಪದವಿಪೂರ್ವ ಕಾಲೇಜೊಂದರಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಇಂಥ ಪದಾರ್ಥಗಳನ್ನು ನಿಷೇಧಿಸಬೇಕೆಂದು ನಾನು ಕೇಳುತ್ತಿಲ್ಲ. ಕೊಳ್ಳುವವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ತಿಳಿಯುವ ಭಾಷೆಯಲ್ಲಿ, ತಿಳಿಯುವ ಲೆಕ್ಕದಲ್ಲಿ ಗೊತ್ತಾಗಬೇಕು ಎಂಬಷ್ಟೇ ನನ್ನ ಕೋರಿಕೆ.

ಪತ್ರ ಬರೆಯಲು ಕೂತಾಗ ಅಂಥದೊಂದು ಡಬ್ಬಿಯನ್ನು ಎದುರಿಗಿಟ್ಟುಕೊಂಡಿದ್ದೇನೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಈ ಜಾತಿಯ ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ಮುಂಭಾಗದಲ್ಲಿ ಬುಟ್ಟಿ ತುಂಬ ಹಣ್ಣು-ತರಕಾರಿಗಳ ಚಿತ್ರವಿದೆ: ಕ್ಯಾರೆಟ್, ಬೀಟ್‌ರೂಟ್, ಪಾಲಕ್, ದಾಳಿಂಬೆ, ನೆಲ್ಲಿಕಾಯಿ, ನಮ್ಮ ಕಡೆ ಯಾರೂ ಬೆಳೆಯದ ಬ್ಲೂಬೆರ್ರಿ. ಒಟ್ಟು 25 ಬಗೆಯ ಹಣ್ಣು-ತರಕಾರಿಗಳಿವೆ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, 60 ಕ್ಯಾಪ್ಸೂಲ್, ಒಂದೊಂದರಲ್ಲಿ 500 ಮಿಲಿಗ್ರಾಂ, ದಿನಕ್ಕೆ ಎರಡು ಎಂದಿದೆ. ಬೆಲೆ ಒಂದೂವರೆ ಸಾವಿರ ರೂಪಾಯಿ.

ಈ ಲೆಕ್ಕವನ್ನು ನಮ್ಮ ಅಡುಗೆಮನೆಯ ಅಳತೆಗೆ ತಂದು ನೋಡೋಣ. ದಿನಕ್ಕೆ ಎರಡು ಕ್ಯಾಪ್ಸೂಲ್ ಎಂದರೆ ಒಂದು ಗ್ರಾಂ ಪುಡಿ. ಅದನ್ನು 25 ಬಗೆಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ 40 ಮಿಲಿಗ್ರಾಂ ಬರುತ್ತದೆ, ಅಂದರೆ ಸುಮಾರು ಎರಡು ಅಕ್ಕಿಕಾಳಿನ ತೂಕ. ಎರಡು ಅಕ್ಕಿಕಾಳಿನಷ್ಟು ಪಾಲಕ್, ಎರಡು ಅಕ್ಕಿಕಾಳಿನಷ್ಟು ಕ್ಯಾರೆಟ್, ಎರಡು ಅಕ್ಕಿಕಾಳಿನಷ್ಟು ದಾಳಿಂಬೆ. ಒಣಗಿಸಿದರೆ ನೀರಿನಂಶ ಹೋಗಿ ಸಾರವೆಲ್ಲ ಉಳಿಯುತ್ತದಲ್ಲ ಎಂದು ಮಾರುವವರು ಹೇಳುತ್ತಾರೆ, ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಸೊಪ್ಪು-ತರಕಾರಿಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ನೀರೇ ಆದ್ದರಿಂದ ನೂರು ಗ್ರಾಂ ತಾಜಾ ಸೊಪ್ಪು ಒಣಗಿ ಹತ್ತು ಗ್ರಾಂ ಆಗುತ್ತದೆ ಎಂದು ಒಪ್ಪೋಣ. ಆ ಲೆಕ್ಕದಲ್ಲೂ ಇಡೀ ತಿಂಗಳಿನ ಡಬ್ಬಿಯಲ್ಲಿರುವ 30 ಗ್ರಾಂ ಪುಡಿ ಸುಮಾರು 300 ಗ್ರಾಂ ತಾಜಾ ತರಕಾರಿಗೆ ಸಮ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರಿಗೆ ದಿನವೊಂದಕ್ಕೆ ಬೇಕಾದದ್ದು, ನೂರು ಗ್ರಾಂ ಸೊಪ್ಪೂ ಸೇರಿದಂತೆ 400 ಗ್ರಾಂ ತರಕಾರಿ, ಅದರ ಮೇಲೆ 100 ಗ್ರಾಂ ಹಣ್ಣು. ಅಂದಮೇಲೆ ಒಂದೂವರೆ ಸಾವಿರ ಕೊಟ್ಟು ತಂದ ತಿಂಗಳ ಡಬ್ಬಿಯಲ್ಲಿ ಒಂದು ದಿನದ ತರಕಾರಿಯೂ ಇಲ್ಲ. ಕಿಲೋಗೆ ಐದು ಸಾವಿರ ರೂಪಾಯಿಯ ತರಕಾರಿ ಅದು. ಟೊಮೆಟೊ ಬೆಲೆ ನೂರು ದಾಟಿದಾಗ ಬೀದಿಗಿಳಿಯುವ ನಾವು ಈ ಬೆಲೆಯನ್ನು ಮಾತಾಡದೆ ತೆರುತ್ತಿದ್ದೇವೆ.

ನಾರಿನಂಶದ ವಿಷಯದಲ್ಲಂತೂ ವಾದಕ್ಕೆ ಎಡೆಯೇ ಇಲ್ಲ. ಒಂದು ಗ್ರಾಂ ಪುಡಿಯಲ್ಲಿ ಒಂದು ಗ್ರಾಂಗಿಂತ ಹೆಚ್ಚು ನಾರು ಇರುವುದು ಸಾಧ್ಯವಿಲ್ಲ, ದೇಹಕ್ಕೆ ಬೇಕಾದದ್ದು ದಿನಕ್ಕೆ ಸುಮಾರು 30 ಗ್ರಾಂ. ಮಲಬದ್ಧತೆಗೆ ಇದೇ ಪರಿಹಾರ ಎಂದು ಹೇಳಿ ಮಾರುವವರಿಗೆ ಈ ಸಣ್ಣ ಗಣಿತವನ್ನು ಯಾರಾದರೂ ಕೇಳಬೇಕಾಗಿತ್ತು. ‘ಸಿ’ ಜೀವಸತ್ವ ಬಿಸಿಲಿನಲ್ಲಿ ಇಲ್ಲವೇ ಬಿಸಿಗಾಳಿಯಲ್ಲಿ ಒಣಗಿಸುವಾಗ ಬಹುಪಾಲು ಹಾಳಾಗುತ್ತದೆ. ಬಿಸಿಲಿಗೆ ಒಡ್ಡಿದರೆ, ದೇಹದಲ್ಲಿ ‘ಎ’ ಜೀವಸತ್ವವಾಗುವ ಕ್ಯಾರೋಟಿನ್ ಕೂಡ ನಷ್ಟವಾಗುತ್ತದೆ. ಹಾಗೆ ಕಳೆದುಹೋದದ್ದನ್ನು ತುಂಬಲು ಕಾರ್ಖಾನೆಯಲ್ಲಿ ತಯಾರಾದ ಜೀವಸತ್ವವನ್ನು ಪ್ರತ್ಯೇಕವಾಗಿ ಬೆರೆಸುವುದುಂಟು. ಬೆರೆಸುವುದು ತಪ್ಪೇನಲ್ಲ. ಆದರೆ ಬುಟ್ಟಿಯ ಚಿತ್ರ ನೋಡಿ ಅದು ನೆಲ್ಲಿಕಾಯಿಯಿಂದಲೇ ಬಂದದ್ದು ಎಂದು ಕೊಂಡವರು ನಂಬುತ್ತಾರೆ. ನಿಜವಾದ ಒಂದು ದಪ್ಪ ನೆಲ್ಲಿಕಾಯಿಯನ್ನು ಉಪ್ಪು ಹಚ್ಚಿ ತಿಂದರೆ ಆ ದಿನದ ‘ಸಿ’ ಜೀವಸತ್ವ ಸಿಕ್ಕಿಬಿಡುತ್ತದೆ. ಒಂದು ಸೀಬೆಹಣ್ಣಿನಲ್ಲಿ ಅಗತ್ಯಕ್ಕಿಂತ ಹೆಚ್ಚೇ ಇದೆ.

ಪುಡಿ ಎಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂಬ ಎಚ್ಚರವೂ ನನಗಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ನೆರಳಿನಲ್ಲಿ ಒಣಗಿಸಿ ಮಾಡುವ ನುಗ್ಗೆಸೊಪ್ಪಿನ ಚಟ್ನಿಪುಡಿಯನ್ನು ಒಬ್ಬರು ಊಟಕ್ಕೆ ಒಂದೆರಡು ಚಮಚ ಹಾಕಿಕೊಳ್ಳುತ್ತಾರೆ, ಅದು ಐದಾರು ಗ್ರಾಂ ಆದೀತು. ಅದರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಲೆಕ್ಕಕ್ಕೆ ಸಿಗುವಷ್ಟು ಇರುತ್ತದೆ, ಅದನ್ನು ಯಾರೂ ಪಲ್ಯದ ಬದಲಿಗೆ ತಿನ್ನುವುದೂ ಇಲ್ಲ, ಪಲ್ಯದ ಪಕ್ಕದಲ್ಲಿ ಬಡಿಸಿಕೊಂಡು ತಿನ್ನುತ್ತಾರೆ. ಹಾಗೆಯೇ ಸರ್ಕಾರವೇ ಕೊಡುವ ಪೂರಕಗಳನ್ನೂ ಈ ಸಾಲಿಗೆ ಸೇರಿಸಬಾರದು. ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ, ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ಮಾತ್ರೆ, ಅಂಗನವಾಡಿ ಮಕ್ಕಳಿಗೆ ಹಾಕುವ ‘ಎ’ ಜೀವಸತ್ವದ ದ್ರಾವಣ ಇವೆಲ್ಲವೂ ಇಂಥವರಿಗೆ, ಇಷ್ಟು ಪ್ರಮಾಣದಲ್ಲಿ, ಇಂಥ ಕೊರತೆಗೆ ಎಂದು ಗೊತ್ತುಮಾಡಿ ಕೊಡುವಂಥವು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇರುವಾಗ ಆ ಮಾತ್ರೆಗಳ ಅಗತ್ಯವನ್ನು ಯಾರು ಅಲ್ಲಗಳೆಯುತ್ತಾರೆ? ವಿಪರ್ಯಾಸವೆಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಕಬ್ಬಿಣದ ಮಾತ್ರೆಯನ್ನು ವಾಸನೆ ಎಂದು ಮೂಲೆಗಿಟ್ಟು, ಅದರ ಕಾಲುಭಾಗದಷ್ಟೂ ಕಬ್ಬಿಣವಿಲ್ಲದ ಬೀಟ್‌ರೂಟ್ ಕ್ಯಾಪ್ಸೂಲ್‌ಗೆ ಸಾವಿರಾರು ರೂಪಾಯಿ ಕೊಡುವವರನ್ನು ನಾನು ಕಂಡಿದ್ದೇನೆ. ಹಲ್ಲಿಲ್ಲದ ವೃದ್ಧರು, ಆಪರೇಷನ್ ಆದವರು, ಬಹುಕಾಲ ಊಟ ಸೇರದವರು ವೈದ್ಯರನ್ನು ಕೇಳಿ ಪೂರಕ ತೆಗೆದುಕೊಳ್ಳಲಿ, ಅದರಲ್ಲಿ ತಕರಾರಿಲ್ಲ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ಪ್ರಾಧಿಕಾರವು ಪೂರಕ ಆಹಾರಗಳಿಗಾಗಿ 2016ರಲ್ಲಿ ಪ್ರತ್ಯೇಕ ನಿಯಮಾವಳಿ ಮಾಡಿತು, ಅದು 2018ರ ಜನವರಿಯಿಂದ ಜಾರಿಗೆ ಬಂತು. ನಿಯಮಾವಳಿ ಒಳ್ಳೆಯದೇ. ‘ಔಷಧೀಯ ಬಳಕೆಗಲ್ಲ’ ಎಂಬ ಎಚ್ಚರಿಕೆ ಎದ್ದು ಕಾಣುವಂತಿರಬೇಕು, ವೈವಿಧ್ಯಮಯ ಆಹಾರಕ್ಕೆ ಇದು ಬದಲಿಯಲ್ಲ ಎಂಬ ಹೇಳಿಕೆ ಇರಬೇಕು, ಸೂಚಿಸಿದ ಪ್ರಮಾಣ ಮೀರಬಾರದೆಂದು ತಿಳಿಸಬೇಕು, ಔಷಧಗಳೊಂದಿಗೆ ಆಗಬಹುದಾದ ಪರಿಣಾಮಗಳಿದ್ದರೆ ಅದನ್ನೂ ನಮೂದಿಸಬೇಕು ಎಂದು ಅದು ಹೇಳುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ, ಅದನ್ನು ಯಾವ ಭಾಷೆಯಲ್ಲಿ ಹೇಳಬೇಕು ಎಂಬಲ್ಲಿ ಎಡವಲಾಗಿದೆ. 2020ರ ಲೇಬಲ್ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ, ಆದರೆ ಬಳಸಲೇಬೇಕೆಂದಿಲ್ಲ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲೇ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲಿರಬೇಕೆಂದು ಹೇಳುತ್ತದೆಯಾದರೂ, ಈ ಡಬ್ಬಿಗಳಲ್ಲಿ ಬಹಳಷ್ಟು ಹಿಮಾಚಲದ ಬದ್ದಿಯಿಂದಲೋ ಹರಿದ್ವಾರದಿಂದಲೋ ಬರುವಂಥವಾದ್ದರಿಂದ ಅದು ಇವುಗಳಿಗೆ ತಟ್ಟುವುದಿಲ್ಲ.

ಪರಿಣಾಮ ಏನಾಗಿದೆ ಎಂದರೆ, ಎಚ್ಚರಿಕೆ ಒಂದೆರಡು ಮಿಲಿಮೀಟರ್ ಎತ್ತರದ ಇಂಗ್ಲಿಷ್ ಅಕ್ಷರದಲ್ಲಿ ಡಬ್ಬಿಯ ಬೆನ್ನ ಮೇಲಿದೆ, ಆಶ್ವಾಸನೆ ಮಾತ್ರ ಅಚ್ಚ ಕನ್ನಡದಲ್ಲಿ ಜಗಲಿಯ ಮೇಲೆ ಕೇಳಿಸುತ್ತಿದೆ. ಸ್ವಸಹಾಯ ಸಂಘದ ಸಭೆ ಮುಗಿಯುವ ಹೊತ್ತಿಗೆ ಮಾರುವವರು ಬರುತ್ತಾರೆ. ಉಚಿತ ಆರೋಗ್ಯ ತಪಾಸಣೆ ಎಂದು ಕೈಗೆ ಲೋಹದ ಕಡ್ಡಿಯೊಂದನ್ನು ಹಿಡಿಸಿ, ಲ್ಯಾಪ್‌ಟಾಪಿನಿಂದ ಹತ್ತಾರು ಪುಟಗಳ ವರದಿ ತೆಗೆದು, ಲಿವರ್ ಇಷ್ಟು, ಕ್ಯಾಲ್ಸಿಯಂ ಇಷ್ಟು ಎಂದು ಬಣ್ಣದ ಪಟ್ಟಿ ತೋರಿಸುತ್ತಾರೆ. ರಕ್ತದ ಹನಿಯೊಂದನ್ನೂ ತೆಗೆಯದೆ ರಕ್ತದ ಅಂಶ ಹೇಳುವ ಆ ಯಂತ್ರಕ್ಕೆ ವೈದ್ಯಕೀಯ ಆಧಾರ ಯಾವುದೂ ಇಲ್ಲ. ಆಮೇಲೆ ಡಬ್ಬಿ ಹೊರಬರುತ್ತದೆ. ನಾನೇ ಕೂತು ಕೇಳಿದ ಮಾತುಗಳಿವು: “ಅಕ್ಕ, ಇದು ಇಂಗ್ಲಿಷ್ ಮೆಡಿಸಿನ್ ಅಲ್ಲ, ಬರೀ ಹಣ್ಣು-ತರಕಾರಿ. ಅದಕ್ಕೇ ಸೈಡ್ ಎಫೆಕ್ಟ್ ಇಲ್ಲ. ಮೂರು ತಿಂಗಳು ತಗೊಳ್ಳಿ, ಶುಗರ್ ಮಾತ್ರೆ ತಾನಾಗೇ ಬಿಟ್ಟುಹೋಗುತ್ತೆ.” ಯಾವ ಮಾತನ್ನು ಕಾನೂನು ಎಚ್ಚರಿಕೆಗಾಗಿ ಮುದ್ರಿಸಲು ಹೇಳಿತೋ, ಔಷಧಿಯಲ್ಲ ಎಂಬ ಆ ಮಾತೇ ಇಲ್ಲಿ ಮಾರಾಟದ ಮೊದಲ ಸಾಲಾಗಿದೆ ಎಂಬುದನ್ನು ತಾವು ಗಮನಿಸಬೇಕು. ಡಬ್ಬಿಯ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆಯನ್ನು ತೋರಿಸಿ “ನೋಡಿ, ಗೌರ್ಮೆಂಟ್ ಅಪ್ರೂವಲ್ ಇದೆ” ಎನ್ನುವುದು ಎರಡನೆಯ ಸಾಲು. ಆ ಸಂಖ್ಯೆ ತಯಾರಕರಿಗೆ ವ್ಯಾಪಾರ ಮಾಡಲು ಕೊಟ್ಟ ಪರವಾನಗಿಯೇ ಹೊರತು ಒಳಗಿನ ಪುಡಿ ಕಾಯಿಲೆ ವಾಸಿ ಮಾಡುತ್ತದೆಂಬ ಪ್ರಮಾಣಪತ್ರವಲ್ಲ ಎಂದು ಆ ಸಭೆಯಲ್ಲಿದ್ದ ಯಾರಿಗೂ ಯಾರೂ ಹೇಳಿರಲಿಲ್ಲ.

ಮಾರುವವರ ಮೇಲೆ ನನಗೆ ಕೋಪವಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮ ಅಕ್ಕತಂಗಿಯರೇ, ಮಗಳ ಕಾಲೇಜು ಶುಲ್ಕಕ್ಕೋ ಸಂಘದ ಸಾಲದ ಕಂತಿಗೋ ಈ ಕೆಲಸಕ್ಕಿಳಿದವರು. ಮೊದಲು ತಾವೇ ಡಬ್ಬಿ ಕೊಂಡು, ಕಂಪನಿಯ ತರಬೇತಿಯಲ್ಲಿ ಕೇಳಿದ್ದನ್ನು ನಂಬಿ, ಅದನ್ನೇ ಒಪ್ಪಿಸುತ್ತಾರೆ. 2021ರ ನೇರ ಮಾರಾಟ ನಿಯಮಗಳು ಈ ಹೊಣೆಯನ್ನು ಕಂಪನಿಯ ಮೇಲೂ ಹೊರಿಸಿವೆ, ಇಂಥ ಮಾರಾಟದ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಬೇಕೆಂದೂ ಹೇಳಿವೆ. ನಮ್ಮ ಜಿಲ್ಲೆಯಲ್ಲಿ ಆ ವ್ಯವಸ್ಥೆ ಯಾವ ಕಚೇರಿಯಲ್ಲಿದೆ ಎಂದು ವಿಚಾರಿಸಿದಾಗ ಒಂದು ಕಚೇರಿಯವರು ಇನ್ನೊಂದರ ಕಡೆಗೆ ಕೈ ತೋರಿಸಿದರು.

ಇದರಿಂದ ನಷ್ಟವಾಗುವುದು ಹಣ ಮಾತ್ರವಾಗಿದ್ದರೆ ನಾನು ಈ ಪತ್ರ ಬರೆಯುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಕ್ಯಾಪ್ಸೂಲ್ ಹಿಡಿದವರು ಕಾಲಿನ ಹುಣ್ಣಿನೊಂದಿಗೆ ಆಸ್ಪತ್ರೆ ಸೇರುವುದನ್ನು ತಾಲ್ಲೂಕು ವೈದ್ಯರನ್ನು ಕೇಳಿದರೆ ಹೇಳುತ್ತಾರೆ. ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯಲ್ಲಿರುವವರಿಗೆ ‘ಕೆ’ ಜೀವಸತ್ವದ ಪ್ರಮಾಣ ದಿನದಿಂದ ದಿನಕ್ಕೆ ಏರುಪೇರಾಗಬಾರದು. ಹಸಿರು ಸೊಪ್ಪಿನ ಸಾರವನ್ನು ದಿಢೀರನೆ ಶುರುಮಾಡಿದರೆ ಮಾತ್ರೆಯ ಕೆಲಸ ಕುಂದಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪೊಟ್ಯಾಸಿಯಂ ಹೆಚ್ಚಾದರೆ ಹೃದಯದ ಬಡಿತವೇ ತಪ್ಪಬಹುದು. ನಮ್ಮಲ್ಲಿ ಬಾಟಲಿಗಟ್ಟಲೆ ಮಾರಾಟವಾಗುವ ನೋನಿ ಹಣ್ಣಿನ ರಸದಲ್ಲಿ ಕಿತ್ತಳೆ ರಸದಷ್ಟೇ ಪೊಟ್ಯಾಸಿಯಂ ಇದೆ, ಆದರೂ ಕಿಡ್ನಿ ತೊಂದರೆಗೆ ಒಳ್ಳೆಯದು ಎಂದೇ ಅದನ್ನು ಕೊಡುವವರಿದ್ದಾರೆ.

ತರಕಾರಿಯೊಳಗಿನ ಒಂದು ಅಂಶವನ್ನು ಬೇರ್ಪಡಿಸಿ ಮಾತ್ರೆ ಮಾಡಿದರೆ ತರಕಾರಿಯ ಗುಣವೇ ಬರುತ್ತದೆ ಎಂಬ ನಂಬಿಕೆಯನ್ನು ವಿಜ್ಞಾನಿಗಳು ದೊಡ್ಡ ಪ್ರಮಾಣದಲ್ಲಿಯೇ ಪರೀಕ್ಷಿಸಿದ್ದಾರೆ. ಕ್ಯಾರೆಟ್, ಸೊಪ್ಪು, ಹಳದಿ ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು ಗೊತ್ತಿದ್ದ ಸಂಗತಿ. ಅದಕ್ಕೆ ಅವುಗಳಲ್ಲಿರುವ ಬೀಟಾ ಕ್ಯಾರೋಟಿನ್ ಕಾರಣವಿರಬೇಕೆಂದು ಊಹಿಸಿ ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಅದನ್ನು ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರ ಮೇಲೆ ನಡೆಯುತ್ತಿದ್ದ ಇಂಥದೇ ಅಧ್ಯಯನದಲ್ಲಿ ಆ ಹೆಚ್ಚಳ ಶೇಕಡಾ 28ರಷ್ಟಿದ್ದುದರಿಂದ ಅದನ್ನು 1996ರ ಜನವರಿಯಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಬೀಡಿ ಸೇದುವವರು ಕಡಿಮೆಯೇನಿಲ್ಲ. ಕ್ಯಾರೆಟ್ ತಿನ್ನಲು ಅವರು ಹೆದರಬೇಕಿಲ್ಲ, ಸಾಂದ್ರೀಕರಿಸಿದ ಬೀಟಾ ಕ್ಯಾರೋಟಿನ್ ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ಮುಟ್ಟಬಾರದು. ಇಷ್ಟು ದೊಡ್ಡ ಸಂಗತಿ ಯಾವ ಡಬ್ಬಿಯ ಮೇಲೂ ಕನ್ನಡದಲ್ಲಿ ನನಗೆ ಕಂಡಿಲ್ಲ.

ನಿಯಂತ್ರಣ ಸಾಧ್ಯವಿಲ್ಲದ್ದೇನಲ್ಲ. ಹಣ್ಣು-ತರಕಾರಿಗಳ ಪುಡಿಯನ್ನೇ ಕ್ಯಾಪ್ಸೂಲ್‌ನಲ್ಲಿ ತುಂಬಿ, ಕಾಯಿಲೆ ಗುಣವಾಗುತ್ತದೆಂಬ ಅರ್ಥದಲ್ಲಿ ಮಾರುತ್ತಿದ್ದ ಅಮೆರಿಕದ ಹೆಸರಾಂತ ಕಂಪನಿಯೊಂದರ ಉತ್ಪಾದನೆಯನ್ನು, ನಿಯಮಗಳನ್ನು ಪಾಲಿಸುವವರೆಗೆ ನಿಲ್ಲಿಸುವಂತೆ 2023ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ಆದೇಶಿಸಿತು. ನಮ್ಮಲ್ಲೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಪ್ರಕರಣದ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡವಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ. ಆದರೆ ಜಾಹೀರಾತು ಪತ್ರಿಕೆಯಲ್ಲಿ ಬಂದರೆ ಅದರ ತುಣುಕನ್ನು ಕತ್ತರಿಸಿ ದೂರಿಗೆ ಲಗತ್ತಿಸಬಹುದು. ಜಗಲಿಯ ಮೇಲೆ ಆಡಿದ ಮಾತಿಗೆ, ವಾಟ್ಸಾಪ್ ಗುಂಪಿನಲ್ಲಿ ಹಾಕಿ ಮರುದಿನ ಅಳಿಸಿದ ವಿಡಿಯೊಗೆ ಪುರಾವೆ ಎಲ್ಲಿಂದ ತರುವುದು? ತಮ್ಮ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲಿನ ಎಣ್ಣೆ, ಗೋಬಿಯ ಬಣ್ಣ ಪರೀಕ್ಷಿಸಿದಂತೆ ಇಂಥ ಸಭೆಗಳಿಗೂ ಸಾಮಾನ್ಯರಂತೆ ಹೋಗಿ ಕೂತು ಕೇಳಬೇಕಾಗುತ್ತದೆ.

ಹಾಗಾಗಿ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ರಾಜ್ಯದಲ್ಲಿ ಮಾರಾಟವಾಗುವ ಎಲ್ಲ ಪೂರಕಗಳ ಮೇಲೆ, ಅವು ಎಲ್ಲಿಯೇ ತಯಾರಾಗಿರಲಿ, ‘ಇದು ಔಷಧಿಯಲ್ಲ, ಊಟದಲ್ಲಿನ ಹಣ್ಣು-ತರಕಾರಿಗೆ ಇದು ಬದಲಿಯಲ್ಲ, ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬೇಡಿ’ ಎಂಬ ಮೂರು ಮಾತುಗಳು ಕನ್ನಡದಲ್ಲಿ, ಡಬ್ಬಿಯ ಮುಂಭಾಗದಲ್ಲಿ ಇರುವಂತೆ ನಿಯಮ ತಿದ್ದಲು ರಾಜ್ಯದಿಂದ ಪ್ರಾಧಿಕಾರಕ್ಕೆ ಶಿಫಾರಸು ಹೋಗಬೇಕು. ಹಣ್ಣು-ತರಕಾರಿಯ ಚಿತ್ರ ಹಾಕುವ ಪ್ರತಿ ತಯಾರಕರೂ ದಿನದ ಪ್ರಮಾಣದಲ್ಲಿ ಎಷ್ಟು ಗ್ರಾಂ ಪುಡಿಯಿದೆ, ಅದು ಎಷ್ಟು ಗ್ರಾಂ ತಾಜಾ ತರಕಾರಿಯಿಂದ ಬಂದದ್ದು, ಹೊರಗಿನಿಂದ ಬೆರೆಸಿದ ಜೀವಸತ್ವ ಯಾವುದು ಎಂಬುದನ್ನು ಆ ಚಿತ್ರದ ಪಕ್ಕದಲ್ಲೇ ಬರೆಯುವಂತಾಗಬೇಕು. ಈ ಎರಡನೆಯದು ನನ್ನ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಮುಖ್ಯ. ‘10 ಗ್ರಾಂ ತಾಜಾ ತರಕಾರಿಗೆ ಸಮ’ ಎಂದು ಅಚ್ಚಾಗಿದ್ದರೆ ದಿನಕ್ಕೆ ಐವತ್ತು ರೂಪಾಯಿ ಕೊಡಬೇಕೇ ಬೇಡವೇ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಯಾರ ಉಪದೇಶವೂ ಇಲ್ಲದೆ ತೀರ್ಮಾನಿಸುತ್ತಾರೆ. ಅದೇ ಐವತ್ತಕ್ಕೆ ಒಂದು ಕಟ್ಟು ದಂಟಿನ ಸೊಪ್ಪು, ಎರಡು ಬಾಳೆಹಣ್ಣು, ಒಂದು ಸೀಬೆಕಾಯಿ ಬರುತ್ತದೆಂದು ಅವರಿಗೆ ಗೊತ್ತಿದೆ. ಬೆರಕೆ ಸೊಪ್ಪಿನ ಮಸ್ಸೊಪ್ಪು, ಒಂದೆಲಗದ ತಂಬುಳಿ, ಪುಂಡಿಪಲ್ಯ, ರೊಟ್ಟಿಯ ಜೊತೆ ಹಸಿ ಮೆಂತ್ಯಸೊಪ್ಪು ಮತ್ತು ಸೌತೆಕಾಯಿ ತಿಂದು ಬೆಳೆದ ಊರುಗಳಿವು.

ನೇರ ಮಾರಾಟದ ನಿಗಾ ವ್ಯವಸ್ಥೆಯ ಹೊಣೆ ನಾಗರಿಕ ಸರಬರಾಜು ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆಯದೋ ತಮ್ಮದೋ ಎಂಬುದನ್ನು ಎರಡೂ ಇಲಾಖೆಗಳು ಕೂತು ಇತ್ಯರ್ಥ ಮಾಡಿ, ಜಿಲ್ಲೆಗೊಬ್ಬ ಅಧಿಕಾರಿಯ ಹುದ್ದೆ ಮತ್ತು ದೂರವಾಣಿ ಸಂಖ್ಯೆಯನ್ನು ಗ್ರಾಮ ಪಂಚಾಯಿತಿ, ನ್ಯಾಯಬೆಲೆ ಅಂಗಡಿ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಬರೆಸಬೇಕು. ಕಡ್ಡಿ ಹಿಡಿಸಿ ರೋಗ ಹೇಳುವ ಯಂತ್ರಗಳನ್ನು ಸಭೆಗಳಲ್ಲಿ ಬಳಸುವುದರ ವಿರುದ್ಧ ಆರೋಗ್ಯ ಇಲಾಖೆಯೊಂದಿಗೆ ಸೇರಿ ಕ್ರಮ ಕೈಗೊಳ್ಳಬೇಕು. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳ ಸಭೆಗಳಲ್ಲಿ ಇಂಥ ಮಾರಾಟಕ್ಕೆ ಅವಕಾಶ ಕೊಡುವ ಮೊದಲು ಲೇಬಲ್ಲಿನ ವಿವರವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ಸುತ್ತೋಲೆಯೊಂದನ್ನು ಹೊರಡಿಸಲು ಹಣದ ಖರ್ಚೂ ಇಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ. ಮೊದಲು ಅದನ್ನಾದರೂ ಮಾಡಿ.

ಮೇಲೆ ವಿವರಿಸಿದ ಡಬ್ಬಿ, ಅದರ ರಸೀದಿ ಮತ್ತು ಸಭೆಯಲ್ಲಿ ಹಂಚಿದ ಕರಪತ್ರ ನನ್ನ ಬಳಿ ಇವೆ. ತಮ್ಮ ಜಿಲ್ಲಾ ಅಂಕಿತಾಧಿಕಾರಿಗಳು ಕರೆದ ದಿನ ಖುದ್ದಾಗಿ ಹಾಜರುಪಡಿಸಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗೃಹವಿಜ್ಞಾನ ಉಪನ್ಯಾಸಕಿ
ಹಾಸನ ಜಿಲ್ಲೆ